ಒಂದು ಆಡಿಗೆ ಎಷ್ಟು ಕಿಲೋ ಜೋಳ?

ಸೋಮಾಲಿಯಾದ ಬೈದೋವಾ ಪೇಟೆಯಲ್ಲಿ ಒಂದು ಆಡು ಮಾರಿದರೆ ಎಷ್ಟು ಕಿಲೋ ಕೆಂಪು ಜೋಳ ಬರುತ್ತದೆ? ಈ ಪ್ರಶ್ನೆಗೆ ತಿಂಗಳು ತಿಂಗಳೂ ಉತ್ತರ ಬರೆದಿಟ್ಟಿದ್ದಾರೆ! ಹೋದ ವರ್ಷದ್ದೂ ಇದೆ, ಹತ್ತು ವರ್ಷ ಹಿಂದಿನದ್ದೂ ಇದೆ. 1991ರಲ್ಲಿ ಸರ್ಕಾರವೇ ಕುಸಿದುಬಿದ್ದ ದೇಶ ಅದು. ದಶಕಗಳಿಂದ ಅಲ್ಲಿ ಪೂರ್ಣ ಜನಗಣತಿ ನಡೆದಿಲ್ಲ, ಎಷ್ಟು ಜನ ಇದ್ದಾರೆ ಎಂಬುದೇ ಅಂದಾಜು. ಆದರೆ ಜೋಳದ ಬೆಲೆ ಎಷ್ಟಿತ್ತು ಎಂಬುದು ಗೊತ್ತು. ಬಂದೂಕು ಹಿಡಿದವರು ದಾರಿಗೆ ಅಡ್ಡ ನಿಂತು ಲಾರಿಗಳಿಂದ ಸುಂಕ ಎತ್ತುತ್ತಿದ್ದ ಕಾಲದಲ್ಲೂ ಯಾರೋ ಪೇಟೆಗೆ ಹೋಗಿ, ವಿಚಾರಿಸಿ, ಬರೆದುಕೊಂಡು ಬಂದಿದ್ದಾರೆ. ಆ ಪಟ್ಟಿಗಳನ್ನು ಓದತೊಡಗಿದ ಮೇಲೆ ನನಗೆ ಬೇರೆ ಕೆಲಸದ ಮೇಲೆ ಮನಸ್ಸೇ ನಿಲ್ಲಲಿಲ್ಲ.

ಆ ಜೋಳ ನಮ್ಮ ವಿಜಯಪುರ, ಕಲಬುರಗಿಯ ರೊಟ್ಟಿಯ ಜೋಳದ ಜಾತಿಯದೇ. ಜೋಳದ ತವರು ಆಫ್ರಿಕಾದ ಈಶಾನ್ಯ ಭಾಗ. ಪೂರ್ವ ಸುಡಾನಿನಲ್ಲಿ ಸುಮಾರು 5000 ವರ್ಷಗಳ ಹಿಂದೆಯೇ ಅದನ್ನು ಬೆಳೆಯಾಗಿ ಒಗ್ಗಿಸಿಕೊಂಡ ಕುರುಹು ಸಿಕ್ಕಿದೆ. ಅಲ್ಲಿಂದ ಕಡಲು ದಾಟಿ ನಮ್ಮ ಎರೆಭೂಮಿಗೆ ಬಂದ ಕಾಳು, ತವರಿನ ಆಸುಪಾಸಿನಲ್ಲಿ ಇವತ್ತಿಗೂ ಬಡವರ ಅನ್ನವಾಗಿ ಉಳಿದಿದೆ. ಬೈದೋವಾ ಇರುವ ಬೇ ಪ್ರಾಂತ್ಯವೇ ಸೋಮಾಲಿಯಾದ ಜೋಳದ ಕಣಜ.

ಪಟ್ಟಿ ಬರೆಯುವ ಕೆಲಸವನ್ನು ಮುಖ್ಯವಾಗಿ ಹೊತ್ತದ್ದು ವಿಶ್ವಸಂಸ್ಥೆಯ ಅಡಿಯಲ್ಲಿ 1994ರಲ್ಲಿ ಶುರುವಾದ ಆಹಾರ ಭದ್ರತಾ ವಿಶ್ಲೇಷಣಾ ಘಟಕ. ಜೊತೆಗೆ, ಇಥಿಯೋಪಿಯಾದ ಘೋರ ಕ್ಷಾಮ ಕಂಡು ಅಮೆರಿಕ 1985ರಲ್ಲಿ ಕಟ್ಟಿದ ‘ಫ್ಯೂಸ್ ನೆಟ್’ ಎಂಬ ಮುನ್ನೆಚ್ಚರಿಕೆ ಜಾಲ. ಪಟ್ಟಿಯಲ್ಲಿ ಏನೇನಿದೆ ನೋಡಿ: ಕೆಂಪು ಜೋಳ, ಬಿಳಿ ಮೆಕ್ಕೆಜೋಳ, ಹೊರದೇಶದ ಅಕ್ಕಿ, ಗೋಧಿಹಿಟ್ಟು, ಸಕ್ಕರೆ, ಅಡುಗೆ ಎಣ್ಣೆ, ಒಂಟೆಯ ಹಾಲು, ಆಡು, ಒಂಟೆ, ಡೀಸೆಲ್, ಪೆಟ್ರೋಲ್, 200 ಲೀಟರಿನ ಒಂದು ಡ್ರಮ್ ನೀರು, ಒಂದು ದಿನದ ಕೂಲಿ, ಡಾಲರಿನ ದರ. ನೀರಿಗೂ ಕೂಲಿಗೂ ಒಂದೊಂದು ಸಾಲು! ನಮ್ಮ ಪತ್ರಿಕೆಗಳ ಪೇಟೆ ಧಾರಣೆಯನ್ನು ರೈತರು, ವರ್ತಕರು ಓದುತ್ತಾರೆ. ಈ ಧಾರಣೆ ಮಾತ್ರ ಒಂದು ಬಡ ಮನೆಯ ಇಡೀ ತಿಂಗಳನ್ನು ಹಾಳೆಯ ಮೇಲೆ ಹರಡಿಟ್ಟುಬಿಡುತ್ತದೆ: ಏನು ಮಾರುತ್ತಾರೆ, ಏನು ಕೊಳ್ಳುತ್ತಾರೆ, ನಡುವೆ ಕೈಯಲ್ಲಿ ಏನು ಉಳಿಯುತ್ತದೆ.

ಬೆಲೆ ಕೇಳುವುದೇನು ಮಹಾ ಎನ್ನಿಸಬಹುದು. ಸೋಮಾಲಿ ಜಾನುವಾರು ಸಂತೆಯಲ್ಲಿ ದಲ್ಲಾಳಿಗಳು ಬೆಲೆಯನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ. ಇಬ್ಬರು ಎದುರುಬದುರು ನಿಂತು, ಕೈಗಳ ಮೇಲೆ ಬಟ್ಟೆ ಹಾಕಿಕೊಂಡು, ಒಳಗೇ ಬೆರಳು ಹಿಡಿದು, ಒತ್ತಿ, ಬಿಟ್ಟು, ಮತ್ತೆ ಹಿಡಿದು ಚೌಕಾಸಿ ಮಾಡುತ್ತಾರೆ. ಮುಖದಲ್ಲಿ ಏನೂ ಕಾಣದು, ಸುತ್ತ ನಿಂತವರಿಗೆ ಒಂದಕ್ಷರ ಕೇಳಿಸದು. ನಮ್ಮ ದನದ ಜಾತ್ರೆಗಳಲ್ಲಿ ಟವೆಲಿನ ಮರೆಯಲ್ಲಿ ಎತ್ತಿನ ವ್ಯಾಪಾರ ಕುದುರುವುದನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಬಟ್ಟೆಯೊಳಗಿನ ಆ ಬೆಲೆ ಹಾಳೆಯ ಮೇಲೆ ಬರಬೇಕು! ಬೆಲೆ ಬರೆಯಲು ಹೋದವರು ಒಬ್ಬರ ಮಾತನ್ನು ನಂಬಿ ವಾಪಸಾಗುವಂತಿಲ್ಲ. ಮೂರು ನಾಲ್ಕು ವ್ಯಾಪಾರಿಗಳನ್ನಾದರೂ ಬೇರೆ ಬೇರೆಯಾಗಿ ಕೇಳಿ, ಸರಾಸರಿ ಹಿಡಿಯಬೇಕು. ಅದೂ ಎಂಥ ಆಡು? ಸೌದಿಗೆ ಹಡಗೇರುವ ಕೊಬ್ಬಿದ ಆಡಿನ ದರವೇ ಬೇರೆ, ಊರಲ್ಲೇ ಕೊಯ್ಯುವ ಸಾಧಾರಣ ಆಡಿನ ದರವೇ ಬೇರೆ. ಬಡವರ ಕೊಟ್ಟಿಗೆಯಲ್ಲಿರುವುದು ಎರಡನೆಯದು. ಆದ್ದರಿಂದ ಲೆಕ್ಕಕ್ಕೆ ಹಿಡಿಯುವುದೂ ಅದನ್ನೇ.

ಆ ಬೆಲೆಯನ್ನು ಯಾವ ಹಣದಲ್ಲಿ ಬರೆಯುವುದು ಎಂಬುದು ಇನ್ನೊಂದು ಅಚ್ಚರಿ. ಸೋಮಾಲಿ ಶಿಲ್ಲಿಂಗ್ ನೋಟುಗಳಲ್ಲಿ ಶೇ 98ರಷ್ಟು ಖೋಟಾ ಎಂದು ಅಂತರರಾಷ್ಟ್ರೀಯ ಹಣಕಾಸು ನಿಧಿಯೇ ಅಂದಾಜು ಮಾಡಿತ್ತು. ಸರ್ಕಾರ ಬಿದ್ದ ಮೇಲೆ ಕಂಡಕಂಡವರು ನೋಟು ಅಚ್ಚು ಹಾಕಿಸಿದರು. ಜನ ಅದನ್ನೇ ಒಪ್ಪಿ ಚಲಾಯಿಸಿದರು. ಇಂಥ ಹಣದಲ್ಲಿ ಬೆಲೆ ಇಮ್ಮಡಿಯಾಯಿತು ಎಂದರೆ ಏನು ಅರ್ಥ ಮಾಡಿಕೊಳ್ಳಬೇಕು? ಕಾಳು ತುಟ್ಟಿಯಾಯಿತೋ, ನೋಟು ಅಗ್ಗವಾಯಿತೋ?

ಇಲ್ಲೇ ಆ ಸರಳ ಅದ್ಭುತ ಇರುವುದು. ಆಡಿನ ಬೆಲೆಯನ್ನು ಜೋಳದ ಬೆಲೆಯಿಂದ ಭಾಗಿಸಿಬಿಡಿ. ಶಿಲ್ಲಿಂಗ್ ಮೇಲೂ ಇದೆ, ಕೆಳಗೂ ಇದೆ, ಹೊಡೆದುಹೋಯಿತು. ಖೋಟಾ ನೋಟು, ಡಾಲರಿನ ಏರಿಳಿತ, ಯಾವುದೂ ಉಳಿಯಲಿಲ್ಲ. ಉಳಿದದ್ದು ಒಂದೇ ಮಾತು: ಒಂದು ಆಡಿಗೆ ಇಷ್ಟು ಕಿಲೋ ಜೋಳ. ಲೆಕ್ಕ ಹಿಡಿಯಲು ಒಂದು ಉದಾಹರಣೆ ನೋಡೋಣ. ಆರು ಜನರ ಮನೆಗೆ ದಿನಕ್ಕೆ ಎರಡೂವರೆ ಕಿಲೋ ಕಾಳು ಬೇಕು ಎಂದುಕೊಳ್ಳಿ. ಆಡಿಗೆ 75 ಕಿಲೋ ಬಂದರೆ ಒಂದು ಆಡಿನಿಂದ ಒಂದು ತಿಂಗಳು ಕಳೆಯಿತು. 25 ಕಿಲೋ ಬಂದರೆ ಹತ್ತೇ ದಿನ. ಮಂದೆಯಲ್ಲಿ ಹದಿನೈದು ಆಡಿರುವ ಮನೆ ಇನ್ನೆಷ್ಟು ದಿನ ತಾಳೀತು ಎಂಬುದನ್ನು ಈಗ ಯಾರು ಬೇಕಾದರೂ ಬೆರಳು ಮಡಿಸಿ ಹೇಳಬಹುದು.

ಬರಗಾಲದಲ್ಲಿ ಇದು ಕತ್ತರಿಯ ಎರಡು ಅಲಗಿನಂತೆ ಕೆಲಸ ಮಾಡುತ್ತದೆ. ಮಳೆ ಕೈಕೊಟ್ಟರೆ ಜೋಳ ತುಟ್ಟಿ. ಅದೇ ಮಳೆ ಇಲ್ಲದ್ದಕ್ಕೆ ಹುಲ್ಲಿಲ್ಲ, ಆಡು ಬಡಕಲು. ಕಾಳಿಗಾಗಿ ಎಲ್ಲರೂ ಒಟ್ಟಿಗೆ ಆಡು ಹೊಡೆದುಕೊಂಡು ಸಂತೆಗೆ ಬರುತ್ತಾರೆ. ಮಾರದೆ ವಾಪಸು ಹೊಡೆದುಕೊಂಡು ಹೋಗಲಾರರು ಎಂಬುದು ಕೊಳ್ಳುವವನಿಗೂ ಗೊತ್ತು. ಆಡಿನ ಬೆಲೆ ಬೀಳುತ್ತದೆ. ಒಂದು ಮೇಲೆ, ಇನ್ನೊಂದು ಕೆಳಗೆ. ಜೋಳದ ಬೆಲೆಯೊಂದನ್ನೇ ನೋಡುತ್ತ ಕುಳಿತವರಿಗೆ ಕಾಣುವುದು ಅರ್ಧ ಅನಾಹುತ ಮಾತ್ರ.

ಆಡೂ ಇಲ್ಲದವರ ಪಾಡೇನು? ಅವರಿಗೆ ಇನ್ನೊಂದು ಲೆಕ್ಕ ಇದೆ: ಒಂದು ದಿನದ ಕೂಲಿಗೆ ಎಷ್ಟು ಕಿಲೋ. ಬಿತ್ತನೆ ಇಲ್ಲದಿದ್ದರೆ ಕಳೆ ಕೀಳುವ ಕೆಲಸವಿಲ್ಲ. ಕೆಲಸ ಇಲ್ಲದಾಗ ಇದ್ದಷ್ಟು ಕೂಲಿಗೆ ನೂರು ಕೈ.

ಅಮರ್ತ್ಯ ಸೇನ್ 1981ರ ‘ಪಾವರ್ಟಿ ಆ್ಯಂಡ್ ಫ್ಯಾಮಿನ್ಸ್’ ಪುಸ್ತಕದಲ್ಲಿ ಹೇಳಿದ್ದು ಇದನ್ನೇ. ಇಥಿಯೋಪಿಯಾದ ವೊಲ್ಲೊ ಪ್ರಾಂತ್ಯದಲ್ಲಿ 1973ರಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದಾಗ ಅಲ್ಲಿನ ಪೇಟೆಯಲ್ಲಿ ಕಾಳಿನ ಬೆಲೆ ಹೆಚ್ಚೇನೂ ಏರಿರಲಿಲ್ಲ! ಕೊಳ್ಳುವ ಶಕ್ತಿಯೇ ಸತ್ತುಹೋದಲ್ಲಿ ಬೆಲೆ ಏರುವುದಾದರೂ ಹೇಗೆ? ಅದೇ ದೇಶದ ಹರಾರ್ಗೆ ಪ್ರಾಂತ್ಯದ ಪಶುಪಾಲಕರನ್ನು ಕೊಂದದ್ದು ದನಕ್ಕೂ ಧಾನ್ಯಕ್ಕೂ ನಡುವಿನ ವಿನಿಮಯ ತಲೆಕೆಳಗಾದದ್ದು. ಬಡವರು ಏನನ್ನು ಕೊಟ್ಟು ಏನನ್ನು ತರುತ್ತಾರೋ ಆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು.

ಈ ಜಾಡು ಹಿಡಿದು ಹೋದಾಗ ಹಳೆಯ ಮೈಸೂರೂ ಎದುರಾಯಿತು. 1876ರ ಧಾತು ಸಂವತ್ಸರದಲ್ಲಿ ಶುರುವಾದ ಬರ ಮೈಸೂರು ಸಂಸ್ಥಾನದಲ್ಲೇ ಸುಮಾರು ಹತ್ತು ಲಕ್ಷ ಜನರನ್ನು ನುಂಗಿತು. ಅದಾದ ಮೇಲೆ ಕ್ಷಾಮ ಆಯೋಗ ಕುಳಿತು, 1880ರಿಂದಾಚೆಗೆ ಕ್ಷಾಮ ಸಂಹಿತೆಗಳು ಬಂದವು. ಧಾನ್ಯದ ಬೆಲೆಯ ಏರಿಕೆಯನ್ನು ಬರದ ಮುನ್ಸೂಚನೆಯಾಗಿ ಕಣ್ಣಿಟ್ಟು ನೋಡಬೇಕು ಎಂಬ ಕಟ್ಟಳೆ ಅವುಗಳಲ್ಲಿತ್ತು. ಆ ಕಾಲದ ಗೆಜೆಟಿಯರುಗಳನ್ನು ತೆರೆದರೆ ಬೆಲೆ ಬರೆದಿರುವ ರೀತಿಯೇ ಬೇರೆ: ರೂಪಾಯಿಗೆ ಇಷ್ಟು ಸೇರು ರಾಗಿ, ಇಷ್ಟು ಸೇರು ಜೋಳ. ಸೇರಿಗೆ ಎಷ್ಟು ರೂಪಾಯಿ ಎಂದಲ್ಲ, ಕೈಯಲ್ಲಿರುವ ರೂಪಾಯಿಗೆ ಎಷ್ಟು ಕಾಳು ಎಂದು. ಬೈದೋವಾದ ಪಟ್ಟಿಯಲ್ಲಿ ರೂಪಾಯಿಯ ಜಾಗದಲ್ಲಿ ಆಡು ನಿಂತಿದೆ, ಅಷ್ಟೆ.

ಇನ್ನು ಡೀಸೆಲ್. ಆಹಾರದ ಪಟ್ಟಿಯಲ್ಲಿ ಇದಕ್ಕೇನು ಕೆಲಸ? ಶಬೆಲ್ಲೆ ಮತ್ತು ಜುಬ್ಬಾ ನದಿದಡದ ಹೊಲಗಳಿಗೆ ನೀರೆತ್ತುವುದು ಡೀಸೆಲ್ ಪಂಪು. ಕೊಳವೆಬಾವಿಗಳನ್ನು ಓಡಿಸುವುದೂ ಬಹುಪಾಲು ಅದೇ. ಬಂದರಿಗೆ ಇಳಿದ ಅಕ್ಕಿಯನ್ನು ಒಳನಾಡಿಗೆ ಒಯ್ಯುವುದು ಡೀಸೆಲ್ ಲಾರಿ. ಕೆರೆಕುಂಟೆ ಬತ್ತಿದ ಮೇಲೆ ನೀರು ಬರುವುದೂ ಲಾರಿಯಲ್ಲೇ. ಡೀಸೆಲ್ ಏರಿದರೆ ನೀರಿನ ಡ್ರಮ್ ಏರಿತು. ಆಡಿಗೆ ಕುಡಿಸಲು ನೀರು ಕೊಳ್ಳಬೇಕು, ನೀರು ಕೊಳ್ಳಲು ಆಡು ಮಾರಬೇಕು! 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಈ ಪಟ್ಟಿಗಳಲ್ಲಿ ಗೋಧಿಹಿಟ್ಟು, ಅಡುಗೆ ಎಣ್ಣೆ, ಇಂಧನ ಎಲ್ಲ ಒಟ್ಟೊಟ್ಟಿಗೆ ಮೇಲೆದ್ದವು. ಸೋಮಾಲಿಯಾದ ಗೋಧಿಯಲ್ಲಿ ಶೇ 90ರಷ್ಟು ಬರುತ್ತಿದ್ದದ್ದು ರಷ್ಯಾ ಮತ್ತು ಉಕ್ರೇನಿನಿಂದ. ಕಪ್ಪು ಸಮುದ್ರದ ತೋಪಿನ ಸದ್ದು ಬೈದೋವಾದ ಅಂಗಡಿಯ ತಕ್ಕಡಿಗೆ ಬಂದು ಮುಟ್ಟಿತ್ತು.

ಈ ಅಂಕಿಗಳು ನಿಜಕ್ಕೂ ಎಷ್ಟು ಮುಂಚೆ ಮಾತಾಡುತ್ತವೆ? 2010-11ರ ಪಟ್ಟಿಗಳನ್ನು ನೋಡಬೇಕು. ಸೋಮಾಲಿಯಾದಲ್ಲಿ ಎರಡು ಮಳೆಗಾಲ: ಏಪ್ರಿಲ್‌ನಿಂದ ಜೂನ್‌ವರೆಗೆ ‘ಗು’, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ‘ದೇರ್’. ದೇರ್ ಬೆಳೆ ಜನವರಿಯಲ್ಲಿ ಮನೆ ಸೇರುತ್ತದೆ, ಜೋಳದ ಬೆಲೆ ಇಳಿಯುತ್ತದೆ. ಪ್ರತಿವರ್ಷ ಬರುವ ಇಳಿಜಾರು ಅದು. 2011ರ ಜನವರಿಯಲ್ಲಿ ಆ ಇಳಿಜಾರು ಬರಲೇ ಇಲ್ಲ. ಲಾ ನಿನಾ ಎಂಬ ಹವಾಮಾನ ವೈಪರೀತ್ಯದ ಕಾರಣಕ್ಕೆ ದೇರ್ ಮಳೆ ಕೈಕೊಟ್ಟಿತ್ತು. ಸುಗ್ಗಿಯ ತಿಂಗಳಲ್ಲೇ ಬೆಲೆ ಏರುತ್ತಿತ್ತು. ಆಡಿನ ಬೆಲೆ ಕುಸಿಯುತ್ತಿತ್ತು. ಲಾ ನಿನಾ ಬರುತ್ತಿದೆ ಎಂದು 2010ರ ಆಗಸ್ಟಿನಿಂದಲೇ ಎಚ್ಚರಿಕೆ ಹೊರಟಿತ್ತು, ಈಗ ಪೇಟೆಯೇ ಅದಕ್ಕೆ ಸಾಕ್ಷಿ ಹೇಳಿತು. ಜುಲೈ ಹೊತ್ತಿಗೆ ದಕ್ಷಿಣ ಸೋಮಾಲಿಯಾದ ಕೆಲವೆಡೆ ಧಾನ್ಯದ ಬೆಲೆ ಶೇ 240ರವರೆಗೂ ಏರಿತ್ತು.

ವಿಶ್ವಸಂಸ್ಥೆ ಕ್ಷಾಮ ಘೋಷಿಸಿದ್ದು 2011ರ ಜುಲೈ 20ಕ್ಕೆ. ಮೇ ತಿಂಗಳಿಂದಲೇ ತಿಂಗಳಿಗೆ ಸುಮಾರು 30,000 ಜನ ಸಾಯುತ್ತಿದ್ದರು ಎಂದು ಆಮೇಲಿನ ಅಧ್ಯಯನ ಲೆಕ್ಕ ಹಾಕಿತು. ಒಟ್ಟು ಸಾವು ಸುಮಾರು 2,58,000, ಅರ್ಧಕ್ಕಿಂತ ಹೆಚ್ಚು ಐದು ವರ್ಷದೊಳಗಿನ ಮಕ್ಕಳು. ಇದನ್ನು ಓದಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಜನವರಿಯ ಪಟ್ಟಿ ಮೇಜಿನ ಮೇಲಿತ್ತಲ್ಲ! ಬೆಲೆ ಬರೆದವರು ತಮ್ಮ ಕೆಲಸ ಮಾಡಿದ್ದರು. ಓದಬೇಕಾದ ರಾಜಧಾನಿಗಳು ತಡಮಾಡಿದವು.

ಅದೇ ನೆಲದಿಂದ ಇನ್ನೊಂದು ದೊಡ್ಡ ಸಂಗತಿ ಹುಟ್ಟಿದೆ ಎಂಬುದು ನನಗೆ ತಿಳಿದದ್ದು ಈಚೆಗೆ. ಇವತ್ತು ಯಾವ ದೇಶದ ಹಸಿವಿನ ಸುದ್ದಿ ಬಂದರೂ ‘ಐದನೇ ಹಂತ’, ‘ನಾಲ್ಕನೇ ಹಂತ’ ಎಂದು ಓದುತ್ತೇವಲ್ಲ, ಆ ಐಪಿಸಿ ಅಳತೆಗೋಲನ್ನು ಮೊದಲು ರೂಪಿಸಿದ್ದು 2004ರಲ್ಲಿ, ಸೋಮಾಲಿಯಾದ ಇದೇ ಘಟಕ. ಆಡು, ಜೋಳ, ಕೂಲಿ, ಮಕ್ಕಳ ತೋಳಿನ ಸುತ್ತಳತೆ ಎಲ್ಲವನ್ನೂ ಒಂದೇ ನಕ್ಷೆಗೆ ತರಬೇಕಾದ ತುರ್ತು ಅವರಿಗಿತ್ತು. ಇಡೀ ಜಗತ್ತು ಅದನ್ನು ಎತ್ತಿಕೊಂಡಿತು.

2020ರ ಕೊನೆಯಿಂದ ಸಾಲಾಗಿ ಐದು ಮಳೆಗಾಲ ಕೈಕೊಟ್ಟವು. 2022ರ ಸೆಪ್ಟೆಂಬರಿನಲ್ಲಿ ಬೈದೋವಾ ಮತ್ತು ಬುರ್‌ಹಕಬಾ ಜಿಲ್ಲೆಗಳಿಗೆ ಕ್ಷಾಮದ ಮುನ್ಸೂಚನೆ ಹೊರಬಿತ್ತು. ಈ ಸಲ ಬೆಲೆಪಟ್ಟಿ ಮೇಜಿನ ಮೇಲೆ ಕೊಳೆಯಲಿಲ್ಲ. ಒಂದು ಮನೆ ತಿಂಗಳು ಕಳೆಯಲು ಬೇಕಾದ ಜೋಳ, ಎಣ್ಣೆ, ಸಕ್ಕರೆ, ನೀರು ಎಲ್ಲ ಸೇರಿಸಿ ಒಂದು ಬುಟ್ಟಿಯ ಬೆಲೆ ಕಟ್ಟುತ್ತಾರೆ. ಪರಿಹಾರದ ಹಣ ಎಷ್ಟಿರಬೇಕು ಎಂಬುದಕ್ಕೆ ಆ ಬುಟ್ಟಿಯೇ ಆಧಾರ. ಹಣ ಹೋಗುವುದು ಮೊಬೈಲಿಗೆ, ಡಾಲರಿನಲ್ಲಿ. ನೋಟು ಖೋಟಾ ಆದ ದೇಶದಲ್ಲಿ ತರಕಾರಿ ಮಾರುವವರೂ ಫೋನಿನಲ್ಲೇ ದುಡ್ಡು ಪಡೆಯುತ್ತಾರೆ. ಆ ವರ್ಷ ಸುಮಾರು 43,000 ಹೆಚ್ಚುವರಿ ಸಾವುಗಳಾಗಿವೆ ಎಂಬ ಅಂದಾಜಿದೆ. ಅದನ್ನು ಮರೆಸಿ ಗೆಲುವಿನ ಮಾತಾಡಲು ನನಗೆ ಮನಸ್ಸು ಬಾರದು. ಆದರೆ ಕ್ಷಾಮ ಘೋಷಿಸುವ ಮಟ್ಟಕ್ಕೆ ಹೋಗುವ ಮೊದಲೇ ಅದನ್ನು ತಡೆದು ನಿಲ್ಲಿಸಿದರು.

2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿದಾಗ ಫ್ಯೂಸ್ ನೆಟ್ ಜಾಲ ಸ್ತಬ್ಧವಾಯಿತು. ನಲವತ್ತು ವರ್ಷದ ಸಂಗ್ರಹ ರಾತ್ರೋರಾತ್ರಿ ಕಣ್ಮರೆ. ತಿಂಗಳುಗಳ ನಂತರ, ಆ ವರ್ಷದ ಮಧ್ಯದಲ್ಲಿ ಅದು ಮತ್ತೆ ತೆರೆದುಕೊಂಡಿತು. ಬೆಲೆ ಸಿಗದ ತಿಂಗಳುಗಳನ್ನು ಅಕ್ಕಪಕ್ಕದ ಪೇಟೆಗಳ ಅಂಕಿಯಿಂದ ಅಂದಾಜು ಮಾಡುವ ಕಂಪ್ಯೂಟರ್ ವಿಧಾನವನ್ನು ವಿಶ್ವಬ್ಯಾಂಕ್ ಕಟ್ಟಿದೆ, ಅದೂ ಸೊಗಸಾದ ಕೆಲಸವೇ. ಆದರೆ ಆ ಪಕ್ಕದ ಪೇಟೆಗಾದರೂ ಯಾರಾದರೂ ಹೋಗಿರಲೇಬೇಕು. ನಾನೀಗ ಪ್ರತಿವರ್ಷ ಜನವರಿ ಮತ್ತು ಜುಲೈ ತಿಂಗಳ ಪಟ್ಟಿಯನ್ನು ಹುಡುಕಿ ಓದುತ್ತೇನೆ. ಮೊದಲು ಕಣ್ಣು ಹೋಗುವುದು ಬೇ ಪ್ರಾಂತ್ಯದ ಕೆಂಪು ಜೋಳದ ಸಾಲಿಗೆ: ಸುಗ್ಗಿಯಾದ ಮೇಲೆ ಬೆಲೆ ಇಳಿಯಿತೇ?