ಮುದ್ರಣಯಂತ್ರ ನಡೆಸುವವರಿಗೆ ಸಂಬಳ ಎಷ್ಟು, ಏಕೆ ಅಷ್ಟು?

ಒಂದು ಭೂತಗನ್ನಡಿ ಹಿಡಿದು ಮನೆಯ ಗೋಡೆಯ ಮೇಲಿರುವ ಬಣ್ಣದ ಕ್ಯಾಲೆಂಡರನ್ನು ನೋಡಿ. ದೂರದಿಂದ ಹಸಿರಾಗಿ ಕಾಣುತ್ತಿದ್ದ ಎಲೆಯಲ್ಲಿ ಹಸಿರು ಇಂಕೇ ಇರುವುದಿಲ್ಲ. ನೀಲಿ ಮತ್ತು ಹಳದಿಯ ಸಣ್ಣ ಸಣ್ಣ ಚುಕ್ಕೆಗಳಿರುತ್ತವೆ. ಸಾಮಾನ್ಯವಾಗಿ ಒಂದು ಸೆಂಟಿಮೀಟರಿನಲ್ಲಿ ಇಂತಹ 60 ಚುಕ್ಕೆಗಳ ಸಾಲು. ಅಂದರೆ ಒಂದು ಚುಕ್ಕೆಯಿಂದ ಮತ್ತೊಂದಕ್ಕೆ ಇರುವ ದೂರ ಸುಮಾರು 0.17 ಮಿಲಿಮೀಟರ್. ನೀಲಿ, ಕೆನ್ನೇರಳೆ ಛಾಯೆಯ ಕೆಂಪು, ಹಳದಿ, ಕಪ್ಪು ಈ ನಾಲ್ಕೂ ಬಣ್ಣಗಳ ಚುಕ್ಕೆಗಳು ಕಾಗದದ ಮೇಲೆ ತಮ್ಮ ತಮ್ಮ ಜಾಗದಲ್ಲೇ ಬಂದು ಕೂರಬೇಕು. ಒಂದು ಬಣ್ಣ 0.1 ಮಿಲಿಮೀಟರ್ ಸರಿದರೂ ಅನುಭವಿಯ ಕಣ್ಣಿಗೆ ಅದು ಗೊತ್ತಾಗುತ್ತದೆ. ಈ ಕೆಲಸ ಮಾಡುವ ವ್ಯಕ್ತಿಗೆ ತಿಂಗಳಿಗೆ ಎಷ್ಟು ಸಂಬಳ ಸಿಗುತ್ತದೆ ಎಂದು ನೀವು ಎಂದಾದರೂ ಯೋಚಿಸಿದ್ದೀರಾ?

ಭೌತವಿಜ್ಞಾನ ಕಲಿಸುವ ನನಗೂ ಆ ಯೋಚನೆ ಬಂದಿರಲಿಲ್ಲ. ಕೆಲವು ವರ್ಷಗಳ ಹಿಂದೆ ಕಾಲೇಜಿನ ವಾರ್ಷಿಕ ಸಂಚಿಕೆಯ ಹೊಣೆ ನನ್ನ ಮೇಲೆ ಬಿತ್ತು. ಮಲೆನಾಡಿನ ಒಂದು ಚಿಕ್ಕ ಮುದ್ರಣಾಲಯ, ಜುಲೈ ತಿಂಗಳು, ಒಂದೇ ಬಣ್ಣ ಅಚ್ಚು ಹಾಕುವ ಆಫ್‌ಸೆಟ್ ಯಂತ್ರ. ಮುಖಪುಟಕ್ಕೆ ಶುಕ್ರವಾರ ಎರಡು ಬಣ್ಣ ಹಾಕಿದರು, ಉಳಿದೆರಡನ್ನು ಸೋಮವಾರ ಹಾಕಿದರು. ಬಂದು ನೋಡಿದರೆ ಚಿತ್ರದಲ್ಲಿದ್ದ ವಿದ್ಯಾರ್ಥಿಗಳಿಗೆಲ್ಲ ಎರಡೆರಡು ತುಟಿ! ಮಾಲೀಕರು ನನ್ನೆದುರೇ ಮಷೀನ್‌ಮ್ಯಾನ್‌ನನ್ನು ಬೈದು, ಕಾಗದದ ದುಡ್ಡನ್ನು ಸಂಬಳದಲ್ಲಿ ಹಿಡಿಯುವುದಾಗಿ ಹೇಳಿದರು. ಆತ "ಪೇಪರ್ ಬೆಳೆದಿದೆ ಸಾರ್" ಎಂದಷ್ಟೇ ಹೇಳಿ ಸುಮ್ಮನಾದ. ನೆಪ ಹೇಳುತ್ತಿದ್ದಾನೆ ಎಂದೇ ನಾನೂ ತಿಳಿದೆ. ಆದರೆ ಅವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಕಾಗದವೆಂದರೆ ಸೆಲ್ಯುಲೋಸ್ ನಾರುಗಳ ಹೆಣಿಗೆ. ಈ ನಾರು ಗಾಳಿಯಲ್ಲಿನ ತೇವವನ್ನು ಹೀರಿಕೊಂಡಾಗ ಉದ್ದಕ್ಕೆ ಅಷ್ಟಾಗಿ ಬೆಳೆಯುವುದಿಲ್ಲ, ಆದರೆ ದಪ್ಪಕ್ಕೆ ಉಬ್ಬುತ್ತದೆ. ಕಾರ್ಖಾನೆಯಲ್ಲಿ ಕಾಗದ ತಯಾರಾಗುವಾಗ ಹೆಚ್ಚಿನ ನಾರುಗಳು ಯಂತ್ರ ಓಡುವ ದಿಕ್ಕಿಗೆ ಮಲಗಿಕೊಳ್ಳುವುದರಿಂದ ಹಾಳೆ ಅದಕ್ಕೆ ಅಡ್ಡಲಾಗಿ ಹಿಗ್ಗುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 10ರಷ್ಟು ಏರಿತೆನ್ನಿ. ಅಡ್ಡ ದಿಕ್ಕಿನಲ್ಲಿ ಹಿಗ್ಗುವಿಕೆ ಸಾವಿರಕ್ಕೆ ಒಂದರ ಆಸುಪಾಸಿನಲ್ಲಿರುತ್ತದೆ. ಕೇಳಲು ಇದು ಏನೂ ಅಲ್ಲ. ಆದರೆ 30 ಅಂಗುಲದ, ಎಂದರೆ 762 ಮಿಲಿಮೀಟರಿನ ಹಾಳೆಗೆ ಅದು ಮುಕ್ಕಾಲು ಮಿಲಿಮೀಟರ್. ಚುಕ್ಕೆಗಳ ಲೆಕ್ಕದಲ್ಲಿ ನಾಲ್ಕು ಸಾಲಿಗೂ ಹೆಚ್ಚು! ಮುದ್ರಣ ಕೋಣೆಯಲ್ಲಿ ಆರ್ದ್ರತೆ ಶೇಕಡ 50ರಿಂದ 55ರ ಆಸುಪಾಸಿನಲ್ಲಿರಬೇಕು ಎನ್ನುವುದು ಇದಕ್ಕಾಗಿಯೇ. ಮರುದಿನ ನಾನು ಪ್ರಯೋಗಾಲಯದ ಒಣ-ಒದ್ದೆ ಬಲ್ಬಿನ ಆರ್ದ್ರತಾಮಾಪಕವನ್ನು ಅಲ್ಲಿಗೆ ಒಯ್ದು ನೋಡಿದೆ. ಶೇಕಡ 88 ಇತ್ತು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಿ. ನಾಲ್ಕು ಬಣ್ಣದ ದೊಡ್ಡ ಯಂತ್ರದಲ್ಲಿ ಹಾಳೆ ಒಂದೇ ಓಟದಲ್ಲಿ ನಾಲ್ಕೂ ಬಣ್ಣ ಪಡೆದು ಹೊರಬರುತ್ತದೆ. ನಡುವೆ ಅದು ಹಿಗ್ಗಲು ಸಮಯವೇ ಇಲ್ಲ. ಒಂಟಿ ಬಣ್ಣದ ಯಂತ್ರದಲ್ಲಿ ಅದೇ ಹಾಳೆ ನಾಲ್ಕು ಸಲ ಹೋಗಬೇಕು, ನಡುವೆ ರಾತ್ರಿ ಕಳೆಯಬೇಕು, ಮಳೆಗಾಳಿ ಕುಡಿಯಬೇಕು. ಬಣ್ಣಗಳನ್ನು ಒಂದರ ಮೇಲೊಂದು ಕೂರಿಸುವ ಕೆಲಸ ಇಲ್ಲಿ ಹೆಚ್ಚು ಕಷ್ಟ. ಆದರೂ ಸಂಬಳ ಇಲ್ಲೇ ಕಡಿಮೆ. ಆ ಮುದ್ರಣಾಲಯದಲ್ಲಿ ವಿಚಾರಿಸಿದಾಗ ತಿಳಿದದ್ದು: ಹೆಲ್ಪರ್‌ಗೆ ತಿಂಗಳಿಗೆ 9 ಸಾವಿರ, ಮಷೀನ್‌ಮ್ಯಾನ್‌ಗೆ 15 ಸಾವಿರ. ಅವನ ಜೊತೆಯಲ್ಲೇ ಕೆಲಸ ಕಲಿತು ಬೆಂಗಳೂರಿನ ನಾಲ್ಕು ಬಣ್ಣದ ಯಂತ್ರಕ್ಕೆ ಹೋದ ಗೆಳೆಯನಿಗೆ 32 ಸಾವಿರ. ಇವು ಒಂದು ಊರಿನ, ಆ ವರ್ಷದ ಅಂಕಿಗಳು. ಎಲ್ಲೆಡೆಗೂ ಅನ್ವಯಿಸಬೇಡಿ. ಸಂಬಳವನ್ನು ತೀರ್ಮಾನಿಸಿದ್ದು ಕೆಲಸದ ಕಷ್ಟವಲ್ಲ, ಯಂತ್ರ ಗಂಟೆಗೆ ಎಷ್ಟು ದುಡಿಯುತ್ತದೆ ಎಂಬುದು. ಹೋಲಿಕೆಗೆ ಅಷ್ಟು ಸಾಕು.

ಕಾಗದದ ತೊಂದರೆಯ ಜೊತೆಗೆ ನೀರಿನದೂ ಇದೆ. ಆಫ್‌ಸೆಟ್ ಪ್ಲೇಟಿನಲ್ಲಿ ಅಕ್ಷರ ಉಬ್ಬಿರುವುದಿಲ್ಲ, ತಗ್ಗಿರುವುದೂ ಇಲ್ಲ. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಎಂಬ ಒಂದೇ ಸಂಗತಿಯ ಮೇಲೆ ಇಡೀ ವಿಧಾನ ನಿಂತಿದೆ. ಅಕ್ಷರವಿರುವ ಜಾಗ ಇಂಕನ್ನು ಹಿಡಿಯುತ್ತದೆ, ಖಾಲಿ ಜಾಗ ನೀರನ್ನು ಹಿಡಿದು ಇಂಕನ್ನು ದೂರ ಇಡುತ್ತದೆ. 18ನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಅಲೋಯಿಸ್ ಸೆನೆಫೆಲ್ಡರ್ ಇದನ್ನು ಸುಣ್ಣಕಲ್ಲಿನ ಮೇಲೆ ಸಾಧಿಸಿದ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರಲ್ಲಿ ಹೊರಬಂದದ್ದು ಇಂತಹ ಕಲ್ಲಚ್ಚಿನಲ್ಲೇ. ಇಂದು ಕಲ್ಲಿನ ಬದಲು ಅಲ್ಯೂಮಿನಿಯಂ ತಗಡು ಬಂದಿದೆ. ನೀರು ಹೆಚ್ಚಾದರೆ ಅದು ಇಂಕಿನೊಳಗೆ ಬೆರೆತು ಬಣ್ಣ ಮಾಸಲಾಗುತ್ತದೆ. ಕಡಿಮೆಯಾದರೆ ಖಾಲಿ ಜಾಗಕ್ಕೂ ಇಂಕು ಹತ್ತುತ್ತದೆ. ಕಾಗದ ತಲುಪುವ ಇಂಕಿನ ಪದರ ಸುಮಾರು ಒಂದು ಮೈಕ್ರಾನ್, ನಮ್ಮ ಕೂದಲಿನ ದಪ್ಪದ ಎಪ್ಪತ್ತರಲ್ಲಿ ಒಂದು ಪಾಲು. ಇದನ್ನು ಡೆನ್ಸಿಟೋಮೀಟರ್ ಎಂಬ ಉಪಕರಣ ಲಘುಗಣಕದಲ್ಲಿ ಅಳೆಯುತ್ತದೆ: ಬಿದ್ದ ಬೆಳಕಿನ ಹತ್ತನೆಯ ಒಂದು ಭಾಗ ಮರಳಿದರೆ ಸಾಂದ್ರತೆ 1, ನೂರನೆಯ ಒಂದು ಭಾಗ ಮರಳಿದರೆ 2. ಸಾಂದ್ರತೆ 1.4ರಲ್ಲಿ ಮರಳುವ ಬೆಳಕು ಶೇಕಡ 4, 1.5ರಲ್ಲಿ ಶೇಕಡ 3.2. ಉಪಕರಣವಿಲ್ಲದ ಮುದ್ರಣಾಲಯದಲ್ಲಿ ಈ ವ್ಯತ್ಯಾಸವನ್ನು ಮಷೀನ್‌ಮ್ಯಾನ್ ಬರಿಗಣ್ಣಿನಿಂದ ಹಿಡಿಯುತ್ತಾನೆ.

ಈ ಕೌಶಲ ರೂಪಾಯಿಯಲ್ಲಿ ಎಷ್ಟು ಬಾಳುತ್ತದೆ? ಒಂದು ಲೆಕ್ಕ ಮಾಡೋಣ. 20×30 ಅಂಗುಲದ ಹಾಳೆಯ ವಿಸ್ತೀರ್ಣ 0.387 ಚದರ ಮೀಟರ್. ಚದರ ಮೀಟರಿಗೆ 130 ಗ್ರಾಂ ತೂಗುವ ಆರ್ಟ್ ಪೇಪರ್ ಆದರೆ ಒಂದು ಹಾಳೆ 50 ಗ್ರಾಂ. ಕಾಗದ ಕಿಲೋಗೆ 80 ರೂಪಾಯಿ ಎಂದಿಟ್ಟುಕೊಂಡರೆ ಹಾಳೆಗೆ 4 ರೂಪಾಯಿ. ಪ್ರತಿ ಹೊಸ ಕೆಲಸಕ್ಕೂ ಬಣ್ಣ ಸರಿಹೊಂದುವವರೆಗೆ ಹಾಳೆಗಳು ವ್ಯರ್ಥವಾಗುತ್ತವೆ. ಒಬ್ಬ 300 ಹಾಳೆಗೆ ಸರಿಮಾಡಿದರೆ ಇನ್ನೊಬ್ಬ 200ಕ್ಕೇ ಮಾಡುತ್ತಾನೆ ಎನ್ನಿ. ದಿನಕ್ಕೆ ನಾಲ್ಕು ಕೆಲಸವಾದರೆ ಉಳಿತಾಯ 400 ಹಾಳೆ, 1,600 ರೂಪಾಯಿ. 25 ದಿನಕ್ಕೆ 40 ಸಾವಿರ! ಯಂತ್ರದ ಸಮಯದ ಉಳಿತಾಯ ಬೇರೆ. ಆದರೆ ವ್ಯರ್ಥ ಹಾಳೆಗಳನ್ನು ಬರೆದಿಡುವ ಪದ್ಧತಿ ಚಿಕ್ಕ ಮುದ್ರಣಾಲಯಗಳಲ್ಲಿ ಅಪರೂಪ. ಅಳತೆಯಿಲ್ಲದ ಕೌಶಲವನ್ನು ತೋರಿಸಿ ಸಂಬಳ ಹೆಚ್ಚು ಕೇಳುವುದು ಹೇಗೆ?

ಕಾಲವೂ ಸಂಬಳವನ್ನು ಏರಿಸಿ ಇಳಿಸುತ್ತದೆ. ಮದುವೆ ಕರೆಯೋಲೆ, ಪಠ್ಯಪುಸ್ತಕ, ಚುನಾವಣೆ, ವರ್ಷದ ಕೊನೆಯ ಕ್ಯಾಲೆಂಡರು ಇವುಗಳ ಸುಗ್ಗಿಯಲ್ಲಿ ರಾತ್ರಿಪಾಳಿ ತಪ್ಪಿದ್ದಲ್ಲ. ಹೆಚ್ಚುವರಿ ಗಂಟೆಗೆ ಎರಡರಷ್ಟು ಕೂಲಿ ಕೊಡಬೇಕೆಂದು 1948ರ ಕಾರ್ಖಾನೆ ಕಾಯಿದೆ ಹೇಳಿತ್ತು. ಈಗಿನ ಸಂಹಿತೆಗಳಲ್ಲೂ ಅದು ಉಳಿದಿದೆ. ತಿಂಗಳಿಗೆ 20,800 ರೂಪಾಯಿಯವನಿಗೆ 26 ದಿನದ ಲೆಕ್ಕದಲ್ಲಿ ಗಂಟೆಗೆ 100 ಆದರೆ ಹೆಚ್ಚುವರಿ ಗಂಟೆಗೆ 200 ಸಿಗಬೇಕು. ಚಹಾ-ಬನ್ನಿನಲ್ಲಿ ತೀರಿಹೋಗುವ ಹೆಚ್ಚುವರಿ ಗಂಟೆಗಳನ್ನೂ ನಾನು ಕಂಡಿದ್ದೇನೆ.

ಇನ್ನು ಸಂಬಳದ ತಳಮಟ್ಟದ ವಿಷಯ. ಕನಿಷ್ಠ ವೇತನವನ್ನು ಎಣಿಸುವ ಸೂತ್ರ 1957ರ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ರೂಪುಗೊಂಡಿತು. ದುಡಿಯುವವನ ಕುಟುಂಬವೆಂದರೆ ಮೂರು ಬಳಕೆ ಘಟಕ. ಪ್ರತಿ ಘಟಕಕ್ಕೆ ದಿನಕ್ಕೆ 2,700 ಕಿಲೋಕ್ಯಾಲರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆಬಾಡಿಗೆ, ಇಂಧನ-ದೀಪ ಇತ್ಯಾದಿಗೆ ಶೇಕಡ 20. ಮಕ್ಕಳ ಓದು, ಔಷಧಿ ಮುಂತಾದವುಗಳಿಗೆ ಶೇಕಡ 25 ಸೇರಬೇಕೆಂದು ಸುಪ್ರೀಂ ಕೋರ್ಟು ರಾಪ್ಟಕೋಸ್ ಬ್ರೆಟ್ ಮೊಕದ್ದಮೆಯ ತೀರ್ಪಿನಲ್ಲಿ ಹೇಳಿತು. (2,700 ಕಿಲೋಕ್ಯಾಲರಿಯನ್ನು 24 ಗಂಟೆಗೆ ಹಂಚಿದರೆ ಸುಮಾರು 131 ವ್ಯಾಟ್. ಒಬ್ಬ ಮನುಷ್ಯನನ್ನು ಹಳೆಯ ಕಾಲದ ಒಂದು ದೊಡ್ಡ ಬಲ್ಬು ಎಂದು ಕಾನೂನು ಎಣಿಸಿದಂತಾಯಿತು.) ಇದರ ಮೇಲೆ ಬೆಲೆ ಸೂಚ್ಯಂಕವನ್ನು ಅನುಸರಿಸುವ ತುಟ್ಟಿಭತ್ಯೆ. ಅದರ ಮೇಲೆ ಅಕುಶಲ, ಅರೆಕುಶಲ, ಕುಶಲ ಎಂಬ ಮೆಟ್ಟಿಲುಗಳು. ಹಾಜರಿ ಪುಸ್ತಕದಲ್ಲಿ ಮಷೀನ್‌ಮ್ಯಾನ್‌ನನ್ನು ಹೆಲ್ಪರ್ ಎಂದು ಬರೆದರೆ ಒಂದೇ ಗೆರೆಯಲ್ಲಿ ಅವನ ಕೌಶಲ ಅಳಿಸಿಹೋಗುತ್ತದೆ. ಆದ್ದರಿಂದ ನಿಮ್ಮ ಮನೆಯವರು ಯಾರಾದರೂ ಈ ಕೆಲಸದಲ್ಲಿದ್ದರೆ ಮೊದಲು ಆ ಪುಸ್ತಕದಲ್ಲಿ ಏನು ಬರೆದಿದೆ ಎಂದು ನೋಡಲು ಹೇಳಿ. 1948ರ ಕನಿಷ್ಠ ವೇತನ ಕಾಯಿದೆಯ ಸ್ಥಾನದಲ್ಲಿ 2019ರ ವೇತನ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ.

ಪತ್ರಿಕಾ ಮುದ್ರಣಾಲಯಗಳ ದಾರಿ ಬೇರೆಯಾಗಿತ್ತು. ಅಲ್ಲಿನ ಯಂತ್ರ ನಡೆಸುವವರು 1955ರ ಕಾಯಿದೆಯಡಿ ಪತ್ರಕರ್ತೇತರ ನೌಕರರಾಗಿ ವೇತನ ಮಂಡಳಿಗಳ ವ್ಯಾಪ್ತಿಗೆ ಬರುತ್ತಿದ್ದರು. 2011ರಲ್ಲಿ ಅಧಿಸೂಚಿತವಾದ ಮಜೀಠಿಯಾ ಮಂಡಳಿಯ ಶಿಫಾರಸುಗಳು ಸಂಸ್ಥೆಯ ಒಟ್ಟು ವರಮಾನಕ್ಕೆ ತಕ್ಕಂತೆ ಶ್ರೇಣಿ ಗೊತ್ತುಮಾಡಿದವು. 2014ರಲ್ಲಿ ಸುಪ್ರೀಂ ಕೋರ್ಟು ಅವನ್ನು ಎತ್ತಿಹಿಡಿಯಿತು. ಗುತ್ತಿಗೆಯ ನೌಕರರಿಗೂ ಅವು ಸಲ್ಲುತ್ತವೆಂದು 2017ರಲ್ಲಿ ಹೇಳಿತು.

ಯಂತ್ರಗಳೂ ಬದಲಾಗುತ್ತಿವೆ. ಅಚ್ಚುಮೊಳೆ ಜೋಡಿಸುತ್ತಿದ್ದವರ ಕೆಲಸವನ್ನು ಡಿಟಿಪಿ ನುಂಗಿತು. ಕಂಪ್ಯೂಟರಿನಿಂದ ನೇರವಾಗಿ ಪ್ಲೇಟ್ ಬರುವಂತಾದ ಮೇಲೆ ಫಿಲ್ಮ್ ಅಂಟಿಸುವವರು ಹೋದರು. ಹೊಸ ಯಂತ್ರಗಳಲ್ಲಿ ಕ್ಯಾಮೆರಾವೇ ಸಾಂದ್ರತೆ ಅಳೆದು ಇಂಕನ್ನು ತಿದ್ದುತ್ತದೆ. ಅಲ್ಲಿ ಆಳು ಕಡಿಮೆ, ಉಳಿದವರಿಗೆ ಸಂಬಳ ಹೆಚ್ಚು. ಆದರೆ ಬೆಲೆ ಕಣ್ಣಿಗಲ್ಲ, ಪರದೆಯ ಅಂಕಿಗಳನ್ನು ಓದಿ ಅರ್ಥಮಾಡಿಕೊಳ್ಳುವುದಕ್ಕೆ.

ಸಂಬಳದ ಚೀಟಿಯಲ್ಲಿ ಎಂದೂ ಕಾಣದ ಒಂದು ವಿಷಯವನ್ನು ಹೇಳಲೇಬೇಕು. ಜಪಾನಿನ ಒಸಾಕಾದ ಒಂದು ಮುದ್ರಣಾಲಯದಲ್ಲಿ ಕಿರಿವಯಸ್ಸಿನ ಹಲವು ಕೆಲಸಗಾರರಿಗೆ ಪಿತ್ತನಾಳದ ಕ್ಯಾನ್ಸರ್ ಬಂದದ್ದು 2012ರಲ್ಲಿ ಬೆಳಕಿಗೆ ಬಂತು. ಬ್ಲಾಂಕೆಟ್‌ನಿಂದ ಇಂಕು ಒರೆಸಲು ಬಳಸುತ್ತಿದ್ದ ದ್ರಾವಕದಲ್ಲಿ 1,2-ಡೈಕ್ಲೋರೋಪ್ರೊಪೇನ್ ಇತ್ತು, ಕೋಣೆಯಲ್ಲಿ ಗಾಳಿ ಆಡುತ್ತಿರಲಿಲ್ಲ. 2014ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ನಮ್ಮಲ್ಲಿ ಒರೆಸುವ ಡಬ್ಬಿಯ ಮೇಲೆ ಒಳಗೇನಿದೆ ಎಂಬ ಚೀಟಿಯನ್ನು ಕೇಳಿ ನೋಡುವವರು ಎಷ್ಟು ಮಂದಿ?

ಮತ್ತೆ ಮಲೆನಾಡಿಗೆ ಬರೋಣ. ಕೆಲಸಗಾರನ ನಿರ್ಲಕ್ಷ್ಯದಿಂದ ಆದ ನಷ್ಟವನ್ನು ಮಾತ್ರ ಸಂಬಳದಲ್ಲಿ ಹಿಡಿಯಬಹುದು, ಅದಕ್ಕೂ ಮೊದಲು ಅವನ ವಿವರಣೆ ಕೇಳಬೇಕು. ಇದು 1936ರ ವೇತನ ಪಾವತಿ ಕಾಯಿದೆಯಿಂದ ಬಂದ ನಿಯಮ. ನಾನು ಕಾಯಿದೆಯ ಮಾತೆತ್ತಲಿಲ್ಲ. ಮುಖಪುಟದ ಒಂದು ಹಾಳೆಯನ್ನು ಅಳೆದು, ಅದನ್ನು ಒಣಗಿದ ಕಪಾಟಿನಲ್ಲಿ ಎರಡು ದಿನ ಇಟ್ಟು, ಮಾಲೀಕರ ಎದುರೇ ಮತ್ತೆ ಅಳೆದೆ. ಒಂದು ಮಿಲಿಮೀಟರಿಗಿಂತ ಹೆಚ್ಚು ಕುಗ್ಗಿತ್ತು. ಅವರು ಸ್ವಲ್ಪ ಹೊತ್ತು ಸ್ಕೇಲನ್ನೇ ನೋಡುತ್ತಿದ್ದು, ದುಡ್ಡು ಹಿಡಿಯುವ ಮಾತನ್ನು ಬಿಟ್ಟರು. ಸಂಬಳವನ್ನೇನೂ ಹೆಚ್ಚಿಸಲಿಲ್ಲ. ಮುಂದಿನ ವರ್ಷ ನಾನು ಹೋದಾಗ ಎರಡು ಬಣ್ಣ ಮುಗಿದ ಹಾಳೆಗಳನ್ನು ಪಾಲಿಥೀನ್ ಹೊದಿಕೆಯಲ್ಲಿ ಬಿಗಿಯಾಗಿ ಸುತ್ತಿಟ್ಟಿದ್ದರು. ಗೋಡೆಯ ಮೇಲೆ ಒಂದು ಆರ್ದ್ರತಾಮಾಪಕ ತೂಗುತ್ತಿತ್ತು. ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಪುಸ್ತಕದಲ್ಲಿ ಮಷೀನ್‌ಮ್ಯಾನ್ ಪ್ರತಿ ಕೆಲಸದ ವ್ಯರ್ಥ ಹಾಳೆಗಳ ಸಂಖ್ಯೆಯನ್ನು ಬರೆದಿಡಲು ಶುರುಮಾಡಿದ್ದ.