ಮೈ ತಣ್ಣಗಿದ್ದರೆ ಥೈರಾಯ್ಡ್ ದೋಷವೇ?

"ಡಾಕ್ಟ್ರೇ, ಸದಾ ಚಳಿ, ಸುಸ್ತು. ಕಂಕುಳಲ್ಲಿ ಜ್ವರ ನೋಡಿಕೊಂಡರೆ 97 ಡಿಗ್ರಿಯೇ. ನಾದಿನಿಯ ಥೈರಾಯ್ಡ್ ಮಾತ್ರೆ ನಾನೂ ನುಂಗಲೇ?" ಎಂದು ಗೃಹಿಣಿಯೊಬ್ಬರು ಕೇಳಿದರು. ಬೇಡ ಎಂದೆ.

ಕತ್ತಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯ ಹಾರ್ಮೋನು ದೇಹದಲ್ಲಿ ಶಾಖ ಉತ್ಪತ್ತಿಯಾಗುವ ವೇಗವನ್ನು ನಿಯಂತ್ರಿಸುತ್ತದೆ. ಅದು ಕಡಿಮೆಯಾದರೆ ಚಳಿ, ಸುಸ್ತು, ಮಲಬದ್ಧತೆ, ಒಣಚರ್ಮ, ಮುಟ್ಟಿನ ಏರುಪೇರು ಕಾಣಿಸಿಕೊಳ್ಳುತ್ತವೆ. ಆದರೆ ರಕ್ತಹೀನತೆಯಲ್ಲೂ ಚಳಿ, ಸುಸ್ತು ಉಂಟು. ಕಂಕುಳಲ್ಲಿ 97 ಡಿಗ್ರಿ ಫ್ಯಾರನ್‌ಹೀಟ್ ಆರೋಗ್ಯವಂತರಲ್ಲೂ ಸಾಮಾನ್ಯ. ಆದ್ದರಿಂದ ಥರ್ಮಾಮೀಟರ್ ನಂಬಿ ಮಾತ್ರೆ ನುಂಗಬಾರದು; ಟಿ.ಎಸ್.ಎಚ್. ಮತ್ತು ಟಿ4 ರಕ್ತಪರೀಕ್ಷೆ ಅಗತ್ಯ.

ಕೊರತೆ ಖಚಿತವಾಗಿ ವೈದ್ಯರು ಥೈರಾಕ್ಸಿನ್ ಬರೆದುಕೊಟ್ಟರೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ. ಅರ್ಧದಿಂದ ಒಂದು ಗಂಟೆಯ ನಂತರವೇ ಕಾಫಿ, ತಿಂಡಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆ ಅಂತರವಿರಲಿ. 6ರಿಂದ 8 ವಾರಗಳ ಬಳಿಕ ಮತ್ತೆ ರಕ್ತ ಪರೀಕ್ಷಿಸಿ ಪ್ರಮಾಣ ನಿರ್ಧರಿಸಬೇಕು. ಅತಿಯಾದರೆ ಎದೆಬಡಿತ ಏರುಪೇರಾಗುತ್ತದೆ, ಮೂಳೆ ಸವೆಯುತ್ತದೆ. ಗರ್ಭಿಣಿಯರು ಮಾತ್ರೆ ನಿಲ್ಲಿಸಲೇಬಾರದು. ಕೂಡಲೇ ವೈದ್ಯರನ್ನು ಕಾಣಬೇಕು. ಪ್ರಮಾಣ ಹೆಚ್ಚಿಸಬೇಕಾಗಬಹುದು.

ಅಂದಹಾಗೆ, ಆ ಗೃಹಿಣಿಯ ಥೈರಾಯ್ಡ್ ಸರಿಯಾಗಿಯೇ ಇತ್ತು. ಹಿಮೋಗ್ಲೋಬಿನ್ ಮಾತ್ರ 8 ಗ್ರಾಂಗೆ ಇಳಿದಿತ್ತು. ಅವರಿಗೆ ಬೇಕಿದ್ದದ್ದು ನಾದಿನಿಯ ಮಾತ್ರೆಯಲ್ಲ, ಕಬ್ಬಿಣದ ಮಾತ್ರೆ.