ಒಂದು ಸೂಜಿ ಒಬ್ಬರಿಗೆ ಮಾತ್ರ

ಜ್ವರ, ಮೈಕೈನೋವು ಬಂದೊಡನೆ ದವಾಖಾನೆಗೆ ಹೋಗಿ ಚುಚ್ಚುಮದ್ದು ಕೊಡಿರೆಂದು ಕೇಳುವುದು ನಮ್ಮ ಹಳ್ಳಿಗಳಲ್ಲಿ ರೂಢಿಯಾಗಿದೆ. ಮಾತ್ರೆಯಿಂದಲೇ ಗುಣವಾಗುವ ಕಾಯಿಲೆಗೆ ಚುಚ್ಚುಮದ್ದಿನ ಅವಶ್ಯಕತೆಯಿಲ್ಲ. ಅದು ಬೇಕೇ ಬೇಡವೇ ಎಂಬುದನ್ನು ವೈದ್ಯರ ತೀರ್ಮಾನಕ್ಕೆ ಬಿಡುವುದು ಲೇಸು.

ಬಳಸಿದ ಸೂಜಿಯಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಉಳಿದಿರಬಹುದು. ಅದನ್ನೇ ಇನ್ನೊಬ್ಬರಿಗೆ ಚುಚ್ಚಿದರೆ ಹೆಪಟೈಟಿಸ್-ಬಿ ಕಾಮಾಲೆ, ಏಡ್ಸ್ ಮೊದಲಾದ ರೋಗಗಳ ಸೋಂಕು ತಗಲುವ ಅಪಾಯವುಂಟು. ಈ ಸೋಂಕು ಪತಿಯಿಂದ ಪತ್ನಿಗೂ, ತಾಯಿಯಿಂದ ಹುಟ್ಟುವ ಮಗುವಿಗೂ ದಾಟಬಲ್ಲದು. 2009ರಲ್ಲಿ ಗುಜರಾತಿನ ಮೊಡಾಸಾ ಪ್ರದೇಶದಲ್ಲಿ ಸಿರಿಂಜುಗಳ ಮರುಬಳಕೆಯಿಂದ ಇಂತಹ ಕಾಮಾಲೆ ಹರಡಿ ಅನೇಕರು ಮೃತಪಟ್ಟರು.

ಹಿಂದೆ ಗಾಜಿನ ಸಿರಿಂಜನ್ನು ಕುದಿಸಿ ಬಳಸುತ್ತಿದ್ದರು. ಇಂದಿನ ಪ್ಲಾಸ್ಟಿಕ್ ಸಿರಿಂಜು ಒಂದೇ ಬಾರಿಯ ಬಳಕೆಗೆ ತಯಾರಾದುದು. ಅದನ್ನು ತೊಳೆದರೂ, ಸೂಜಿಯನ್ನಷ್ಟೇ ಬದಲಾಯಿಸಿದರೂ ಸುರಕ್ಷಿತವಾಗದು.

ದಂಪತಿಗಳು ಗಮನಿಸಬೇಕಾದ ಅಂಶಗಳು:

1. ಕರ್ನಾಟಕದಲ್ಲಿ 2007ರ ಕಾಯಿದೆಯಂತೆ ಖಾಸಗಿ ದವಾಖಾನೆಯು ನೋಂದಣಿ ಪಡೆದು, ಆ ಪತ್ರವನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಿರಬೇಕು.

2. ಹೊಸ ಸಿರಿಂಜಿನ ಪೊಟ್ಟಣವನ್ನು ನಿಮ್ಮೆದುರಿಗೇ ಒಡೆಯಬೇಕು.

3. ಬಳಸಿದ ಸೂಜಿಯನ್ನು ಕೂಡಲೇ ನಾಶಪಡಿಸಬೇಕು. ಮಕ್ಕಳು ಅದನ್ನು ಮುಟ್ಟದಂತೆ ಎಚ್ಚರ ವಹಿಸಿರಿ.

4. ಕೊಟ್ಟ ಔಷಧದ ಹೆಸರನ್ನು ಚೀಟಿಯಲ್ಲಿ ಬರೆಯಿಸಿಕೊಂಡು ಜೋಪಾನವಾಗಿಡಿರಿ.

ಗರ್ಭಿಣಿಯರ ಹಾಗೂ ಮಕ್ಕಳ ಲಸಿಕೆಗಳಿಗೂ, ಮೂರು ತಿಂಗಳಿಗೊಮ್ಮೆ ಪಡೆಯುವ 'ಅಂತರ' ಗರ್ಭನಿರೋಧಕ ಚುಚ್ಚುಮದ್ದಿಗೂ ಇದೇ ನಿಯಮ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇವು ಉಚಿತ.

ಹೊಸ ಸೂಜಿ ಬಳಸಿರೆಂದು ಕೇಳಲು ಸಂಕೋಚ ಬೇಡ. ಅದು ವೈದ್ಯರಿಗೆ ತೋರುವ ಅಗೌರವವಲ್ಲ. ನಿಮ್ಮ ಕುಟುಂಬದ ರಕ್ಷಣೆ.